ಹನ್ನೊಂದನೆಯ ಅಂಕಣ

ವಕೀಲರ ದೋಣಿ ಇವತ್ತು ವಾಪಸು ಬರುತ್ತದೆಂದು ಅವನಿಗೆ ಹೋದ ವಾರವೇ ಗೊತ್ತಿತ್ತು. ಗೊತ್ತಿದ್ದೂ, ಹಾಯಿ ಸುತ್ತಿಕೊಂಡು ಇಂಜಿನ್ನನ್ನು ಸಣ್ಣಗೆ ಗುರುಗುಟ್ಟಿಸುತ್ತ ಅದು ಕಟ್ಟೆಯ ತಿರುವಿನಲ್ಲಿ ಮೂತಿ ತೋರಿಸಿದ ಕೂಡಲೇ ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದ. ಎಂಟು ತಿಂಗಳಿಂದ ಹನ್ನೊಂದನೆಯ ಅಂಕಣ ಖಾಲಿ ಬಿದ್ದಿತ್ತು. ನೀರಿನಲ್ಲಿ ನೆಟ್ಟ ಎರಡು ಸಾಲು ಕಂಬ, ನಡುವೆ ಒಂದು ದೋಣಿ ನುಗ್ಗಿ ನಿಲ್ಲುವಷ್ಟು ಜಾಗ. ಅದಕ್ಕೆ ಅಲ್ಲಿಯವರೆಲ್ಲ ಅಂಕಣ ಎನ್ನುತ್ತಿದ್ದರು. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದ ಹಾಗೆ ಅವನೂ ದಿನಕ್ಕೆ ಹತ್ತು ಸಲ ಏನಾದರೊಂದು ನೆಪ ಮಾಡಿಕೊಂಡು ಅದರ ಮುಂದೆ ಹಾದುಹೋಗುತ್ತಿದ್ದ. ಇನ್ನು ಅದು ತುಂಬುತ್ತದೆ, ಎಲ್ಲ ಮೊದಲಿನ ಹಾಗಾಗುತ್ತದೆ ಎಂದುಕೊಂಡ. ಆಗುವುದಿಲ್ಲವೆಂಬುದೂ ಅವನಿಗೆ ಗೊತ್ತಿತ್ತು. ವಕೀಲರು ದೋಣಿಯ ಮುಂಭಾಗದಲ್ಲಿ ನಿಂತು, ನ್ಯಾಯಾಧೀಶರಿಗೆ ಕಡತ ಒಪ್ಪಿಸುವ ಗಾಂಭೀರ್ಯದಲ್ಲಿ, ಹಗ್ಗದ ಸುರುಳಿಯನ್ನು ಅವನತ್ತ ಎಸೆದರು. ಅದು ಅರ್ಧ ದಾರಿಯಲ್ಲೇ ನೀರಿಗೆ ಬಿತ್ತು. ಎರಡನೆಯ ಸಲವೂ ಬಿತ್ತು. ಮೂರನೆಯ ಸಲ ಅವನೇ ಮಂಡಿಯೂರಿ, ದೋಣಿಯ ಅಂಚನ್ನು ಹಿಡಿದೆಳೆದು, ಅವರ ಕೈಯಿಂದಲೇ ಹಗ್ಗ ಇಸಿದುಕೊಂಡ. ಕಟ್ಟೆಯ ಕಡೆಯ ಮಗ್ಗುಲಲ್ಲಿ ಹೊಸ ಬಿಳಿ ಬಣ್ಣ ಹಳೆಯ ಬಿಳಿಗಿಂತ ಒಂದು ಕೈ ಹೆಚ್ಚೇ ಬಿಳಿಯಾಗಿತ್ತು. ದೋಣಿ ಎಷ್ಟುದ್ದ ಸೀಳಿತ್ತೆಂದು ಯಾರು ಬೇಕಾದರೂ ಅಳೆದು ನೋಡಬಹುದಿತ್ತು.

ಉಬ್ಬರದ ನೀರು ತುಂಬಿ, ಕಟ್ಟೆಯ ಹಲಗೆಗೂ ದೋಣಿಯ ಅಟ್ಟಕ್ಕೂ ಹೆಚ್ಚುಕಡಿಮೆ ಒಂದೇ ಮಟ್ಟವಾಗಿತ್ತು. ಇನ್ನು ಆರು ಗಂಟೆಯಲ್ಲಿ ಇದೇ ನೀರು ಒಂದೂವರೆ ಆಳಿನಷ್ಟು ಕೆಳಗಿಳಿಯುತ್ತದೆ, ದೋಣಿಯೂ ಇಳಿಯುತ್ತದೆ, ಕಟ್ಟೆ ಮಾತ್ರ ತನ್ನ ಕಂಬಗಳ ಮೇಲೆ ಇದ್ದಲ್ಲೇ ಇರುತ್ತದೆ. ಆದ್ದರಿಂದ ತುಂಬಿದ ನೀರಿನಲ್ಲಿ ಕಟ್ಟುವ ಹಗ್ಗ ಸಡಿಲವಾಗಿ, ಸೋಮಾರಿಯಾಗಿ, ನೋಡಿದವರು ಥೂ ಅನ್ನುವ ಹಾಗೆ ಜೋತುಬೀಳಬೇಕು. ಮುಂದೆ ಎರಡು, ಹಿಂದೆ ಎರಡು, ದೋಣಿ ಮುಂದಕ್ಕೂ ಹಿಂದಕ್ಕೂ ಓಡದ ಹಾಗೆ ಓರೆಯಾಗಿ ಎರಡು. ಅವನು ಒಂದೊಂದನ್ನೂ ಕಟ್ಟೆಯ ಮೇಲಿನ ಎರಡು ಕೊಂಬಿನ ಕಬ್ಬಿಣದ ಗೂಟಕ್ಕೆ ಸುತ್ತಿದ. ಬುಡಕ್ಕೆ ಒಂದು ಪೂರಾ ಸುತ್ತು, ಕೊಂಬಿನಿಂದ ಕೊಂಬಿಗೆ ಅಡ್ಡ ಎರಡು, ಕೊನೆಯದನ್ನು ಮಗುಚಿ ಹಾಕಿ ಬಿಗಿದರೆ ಮುಗಿಯಿತು. ಇಪ್ಪತ್ತೆರಡು ವರ್ಷದಿಂದ ಮಾಡಿದ ಕೆಲಸ, ನಿದ್ದೆಯಲ್ಲೂ ಮಾಡಿಯಾನು. ಆದರೂ ಪ್ರತಿ ಹಗ್ಗಕ್ಕೂ ಇಳಿತವನ್ನು ಗೇಣಿನಲ್ಲಿ ಅಳೆದು, ಅಳೆದದ್ದನ್ನು ಮತ್ತೆ ಅಳೆದ. ಇಷ್ಟು ಸಡಿಲ ಬಿಟ್ಟರೆ ಹೇಗೆ ಎಂದು ವಕೀಲರು ಅನುಮಾನ ತೆಗೆದರು. ನೀರು ಇಳಿದಾಗ ಸರಿಹೋಗುತ್ತದೆ ಸಾರ್ ಎಂದ. ಅವರು ಒಪ್ಪಿದರು, ಒಪ್ಪಿ ಸುಮ್ಮನಿರದೆ, "ನೋಡಿಕೊಳ್ಳಪ್ಪ ಮೇಸ್ತ್ರಿ, ಆ ಹಳಬನ ತರ ಮಾಡಿಬಿಡಬೇಡ," ಎಂದರು. ಅವನು ತಲೆಯೆತ್ತಲಿಲ್ಲ. ಆ ಹಳಬ ಎಂದರೆ ಅವನ ಭಾವ, ಅಕ್ಕನ ಗಂಡ. ಈ ಗೇಣಿನ ಅಳತೆ ಕಲಿಸಿದವನೂ ಅವನೇ, ಎಂಟು ತಿಂಗಳ ಹಿಂದಿನ ತನಕ ಮೇಸ್ತ್ರಿಯಾಗಿದ್ದವನೂ ಅವನೇ. "ಇಲ್ಲ ಸಾರ್," ಎಂದ. ಎಂದ ಮೇಲೆ ತನ್ನ ದನಿ ಎಷ್ಟು ಸಲೀಸಾಗಿ ಬಂತಲ್ಲ ಎಂದು ಅವನಿಗೇ ಹೇಸಿಗೆಯಾಯಿತು.

ಆವತ್ತೂ ಹೀಗೇ ನೀರು ತುಂಬಿತ್ತು. ಅವನು ಆಗ ಎರಡು ವರ್ಷದಿಂದ ಆಚೆ ದಡದ ತೇಲುಕಟ್ಟೆಯಲ್ಲಿದ್ದ. ಅದು ಹೊಸದು. ನೀರಿನ ಜೊತೆಗೇ ಏರಿ, ನೀರಿನ ಜೊತೆಗೇ ಇಳಿಯುವಂಥದು. ಅಲ್ಲಿ ದೋಣಿಯನ್ನು ಕಟ್ಟೆಗೆ ಅವುಚಿ ಕಟ್ಟಬೇಕು, ಹಗ್ಗ ಬೆರಳಲ್ಲಿ ಮೀಟಿದರೆ ಟಣ್ ಅನ್ನಬೇಕು. ಅವನು ಕಟ್ಟಿದ ದೋಣಿಗಳು ಅಳತೆಪಟ್ಟಿ ಇಟ್ಟು ಜೋಡಿಸಿದ ಹಾಗಿರುತ್ತವೆಂದು ಮ್ಯಾನೇಜರು ಬಂದವರಿಗೆಲ್ಲ ತೋರಿಸುತ್ತಿದ್ದರು. ಆವತ್ತು ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ಅದೇ ಮ್ಯಾನೇಜರು, ನಿಮ್ಮ ಭಾವನ ಹಗ್ಗಗಳು ಇತ್ತೀಚೆಗೆ ಮುದುಕನ ಪೈಜಾಮದ ಹಾಗೆ ಜಾರುತ್ತವಲ್ಲಯ್ಯ ಎಂದಿದ್ದರು. ಅವನು ನಕ್ಕಿದ್ದ. ನಗಬಾರದಿತ್ತು ಎಂದು ಈಗ ಅನ್ನಿಸುತ್ತದೆಂದಲ್ಲ, ನಗುವಾಗಲೇ ಅನ್ನಿಸಿತ್ತು, ಅನ್ನಿಸಿಯೂ ನಕ್ಕಿದ್ದ. ಊಟದ ಹೊತ್ತಿಗೆ ಹಳೇ ಕಟ್ಟೆಯ ಮೇಲೆ ನಡೆದು ಬರುತ್ತಿದ್ದಾಗ ಹನ್ನೊಂದನೆಯ ಅಂಕಣದಲ್ಲಿ ವಕೀಲರ ದೋಣಿ ಆ ಕಡೆಗೂ ಈ ಕಡೆಗೂ ತೂಗಾಡುತ್ತಿತ್ತು. ಹಗ್ಗಗಳು ನೀರು ಮುಟ್ಟುವಷ್ಟು ಜೋತಿದ್ದವು. ಅವನಿಗೆ ಭಾವನ ಪರವಾಗಿ ನಾಚಿಕೆಯಾಯಿತು. ಭಾವನಿಗೆ ಅರವತ್ತಾಗುತ್ತ ಬಂತು, ಕಣ್ಣು ಸಾಲದು, ಯಾರಾದರೂ ನೋಡುವ ಮೊದಲು ಸರಿಮಾಡಿಬಿಡೋಣ ಎಂದು ಬಗ್ಗಿದ. ಇದು ಭಾವನ ಮೇಲಿನ ಪ್ರೀತಿಯಿಂದ ಮಾಡಿದ್ದೆಂದು ಅವನು ಬಹಳ ದಿನ ನಂಬಿಕೊಂಡಿದ್ದ. ಪ್ರೀತಿಯೂ ಇತ್ತು, ಇಲ್ಲವೆಂದಲ್ಲ. ಆದರೆ ಬಗ್ಗುವಾಗ ಅವನು ಒಂದು ಸಲ ಆಫೀಸಿನ ಕಿಟಕಿಯ ಕಡೆ ನೋಡಿದ್ದ, ಮ್ಯಾನೇಜರು ನೋಡುತ್ತಿದ್ದಾರೆಯೇ ಎಂದು. ಆರೂ ಹಗ್ಗಗಳನ್ನು ತೇಲುಕಟ್ಟೆಯ ಲೆಕ್ಕದಲ್ಲಿ ಮೀಟಿದರೆ ಟಣ್ ಅನ್ನುವ ಹಾಗೆ ಬಿಗಿದ. ಕೈಗೆ ಅದೇ ರೂಢಿಯಾಗಿತ್ತು. ಕಾಲ ಕೆಳಗಿನ ಹಲಗೆ ತೇಲುತ್ತಿಲ್ಲವೆಂಬುದು ಕೈಗೆ ಗೊತ್ತಾಗಲಿಲ್ಲ.

ಒಬ್ಬ ಕಟ್ಟಿದ ಹಗ್ಗವನ್ನು ಇನ್ನೊಬ್ಬ ಮುಟ್ಟಬೇಕಾದರೆ ಕಟ್ಟಿದವನನ್ನು ಕೂಗಿ ಹೇಳಬೇಕು. ಅದು ಅಲ್ಲಿ ಗೋಡೆಗೆ ಬರೆದು ಹಾಕದೆ ಎಲ್ಲರೂ ಪಾಲಿಸುವ ಕಾಯಿದೆ. ಅವನು ಕೂಗಲಿಲ್ಲ. ಕೂಗಿದ್ದರೆ ಭಾವ, ಯಾಕೋ, ತಲೆಗಿಲೆ ಕೆಟ್ಟಿದೆಯಾ ಎನ್ನುತ್ತಿದ್ದ, ಅಷ್ಟಕ್ಕೇ ಮುಗಿಯುತ್ತಿತ್ತು. ಸಂಜೆ ಐದರ ಹೊತ್ತಿಗೆ ನೀರು ತಳ ಕಂಡಿತ್ತು, ದೋಣಿ ಇಳಿದಿರಲಿಲ್ಲ. ಕಟ್ಟೆಯ ಕಡೆಯ ಹಗ್ಗಗಳ ಮೇಲೆ ಇಡೀ ಭಾರ ಹಾಕಿ, ಮಗ್ಗುಲಾಗಿ, ಅರ್ಧ ಗಾಳಿಯಲ್ಲಿ ನೇತಾಡುತ್ತಿತ್ತು; ಹಗ್ಗಗಳು ಕಿರುಗುಟ್ಟುವ ಸದ್ದು ಆಚೆ ದಡದ ತನಕ ಕೇಳುತ್ತಿತ್ತು. ಅವನು ಓಡಿ ಬರುವಷ್ಟರಲ್ಲಿ ಭಾವ ಮುಂದಿನ ಗೂಟದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬಿಗಿದು ಕಲ್ಲಾಗಿದ್ದ ಕೊನೆಯ ಸುತ್ತನ್ನು ಬಿಡಿಸಲು ಹೆಣಗುತ್ತಿದ್ದ. ಭಾರ ಬಿದ್ದ ಹಗ್ಗವನ್ನು ಕೈಯಲ್ಲಿ ಬಿಡಿಸಬಾರದು, ಕತ್ತರಿಸಬೇಕು. ಅದನ್ನೂ ಕಲಿಸಿದವನು ಭಾವನೇ. ಬೇರೆಯವರ ಹಗ್ಗ ಕತ್ತರಿಸಲು ಅವನಿಗೆ ಮನಸ್ಸು ಬಂದಿರಲಿಕ್ಕಿಲ್ಲ. ಹಿಂದಿನ ಹಗ್ಗ ಕಿತ್ತಿತು, ದೋಣಿ ಧೊಪ್ಪನೆ ಕುಸಿಯಿತು, ಮುಂದಿನ ಹಗ್ಗ ಭಾವನ ಬಲಗೈಯನ್ನು ಸೇರಿಸಿಕೊಂಡು ಗೂಟಕ್ಕೆ ಬಿಗಿಯಿತು. ಭಾವ ಕಿರುಚಲಿಲ್ಲ. ಒಂದು ಕೆಮ್ಮು ಕೆಮ್ಮಿದ, ಅಷ್ಟೇ. ಚಾಕು ತೆಗೆದು ಹಗ್ಗ ಕತ್ತರಿಸಿದ್ದು ಓಡಿ ಬಂದಿದ್ದ ಅವನೇ. ದೋಣಿ ಕಂಬಕ್ಕೆ ಬಡಿದು ಸೀಳಿದ ಸದ್ದು ಆಮೇಲೆ ಕೇಳಿತು. ಹೆಬ್ಬೆರಳು, ತೋರುಬೆರಳು ಉಳಿದವು; ಮಿಕ್ಕ ಮೂರು ಉಳಿಯಲಿಲ್ಲ. ಭಾವನ ಜೀವ ಉಳಿಸಿದ್ದು ಮೈದುನನೇ ಎಂದು ಎಲ್ಲರೂ ಹೊಗಳಿದರು. ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು. ಆ ಕೈಗಳನ್ನು ಎಳೆದುಕೊಳ್ಳುವುದು ಹೇಗೆಂದು ತಿಳಿಯದೆ ಅವನು ಅವಳ ಬಳಿಯೇ ಬಿಟ್ಟಿದ್ದ.

ಆವತ್ತೇ ಹೇಳಬಹುದಿತ್ತು. ಬೆರಳು ಹೋದವನ ಮುಂದೆ ಹೇಗೆ ಹೇಳುವುದು, ನಾಳೆ ಹೇಳೋಣ ಎಂದುಕೊಂಡ. ಮೂರನೆಯ ದಿನ ಭಾವನೇ ಕೇಳಿದ. ಕಟ್ಟು ಹಾಕಿದ ಕೈಯನ್ನು ದಿಂಬಿನ ಮೇಲೆ, ಬೇರೆ ಯಾರದೋ ಸಾಮಾನಿನ ಹಾಗೆ, ಎತ್ತಿಟ್ಟುಕೊಂಡು, ನಾನು ಸಡಿಲ ಬಿಟ್ಟೇ ಕಟ್ಟಿದ ಜ್ಞಾಪಕ ಕಣೋ, ನೀನೇನಾದರೂ ನೋಡಿದೆಯಾ ಎಂದ. ಬಾಗಿಲು ತೆರೆದು ಕೊಟ್ಟ ಹಾಗಿತ್ತು. ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. "ನೋಡಿಲ್ಲ ಭಾವ, ನಾನು ಆಚೆ ಕಡೆ ಇದ್ದೆ," ಎಂದುಬಿಟ್ಟ. ಸುಳ್ಳು ಅಷ್ಟು ಸಣ್ಣದಾಗಿತ್ತು. ಮುಂದಿನ ವಾರ ಮ್ಯಾನೇಜರ ಕೋಣೆಯಲ್ಲಿ ವಕೀಲರು, ವಕೀಲರಾಗಿಯೂ ಒಂದು ಅಡ್ಡಪ್ರಶ್ನೆ ಕೇಳದೆ, ಎದುರಿಗೆ ಕೂತಿದ್ದಾಗ ಭಾವ ಎದ್ದು ನಿಂತು, ಕಟ್ಟಿದವನು ನಾನೇ, ಮರೆತಿರಬೇಕು, ವಯಸ್ಸಾಯಿತು ಎಂದು ಒಪ್ಪಿಕೊಂಡ. ಮೂವತ್ತಾರು ವರ್ಷದಲ್ಲಿ ಒಂದು ದೋಣಿಗೂ ಗೀರು ಬೀಳಿಸದವನು ಶಾಲೆಯ ಹುಡುಗನ ಹಾಗೆ ನಿಂತಿದ್ದ. ಪಕ್ಕದಲ್ಲಿ ಅವನು ನೀರಿನ ಲೋಟ ಹಿಡಿದುಕೊಂಡು ನಿಂತಿದ್ದ. ಲೋಟದ ಅಂಚಿನಲ್ಲಿ ಸುಣ್ಣದ ಬಿಳಿ ಗೆರೆಯೊಂದು ಇದ್ದದ್ದು ಇವತ್ತಿಗೂ ಅವನ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡು ದಿನ ಕಳೆದು ಮ್ಯಾನೇಜರು ಅವನನ್ನು ಕರೆದು ಮೇಸ್ತ್ರಿ ಮಾಡಿದರು. ಭಾವನೇ ಮೊದಲು ಬೆನ್ನು ತಟ್ಟಿದ, ಎಡಗೈಯಲ್ಲಿ.

ಬೆರಳಷ್ಟೇ ಹೋಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ಭಾವ ತನ್ನ ತಲೆಯ ಮೇಲಿನ ನಂಬಿಕೆಯನ್ನೇ ಕಳೆದುಕೊಂಡ. ಒಲೆ ಆರಿಸಿದೆನೇ ಎಂದು ಹಾಸಿಗೆಯಿಂದ ಎದ್ದು ಹೋಗಿ ನೋಡುತ್ತಾನೆ, ಬಂದು ಮಲಗಿ ಮತ್ತೆ ಏಳುತ್ತಾನೆ. ಬೀಗ ಹಾಕಿ ಬೀದಿಯ ಕೊನೆಯ ತನಕ ಹೋಗಿ ವಾಪಸು ಬಂದು ಎಳೆದು ನೋಡುತ್ತಾನೆ. ಇವತ್ತು ಮಂಗಳವಾರ ತಾನೇ ಎಂದು ಫೋನು ಮಾಡುತ್ತಾನೆ, ಮಂಗಳವಾರವೇ ಆಗಿರುತ್ತದೆ. ಹೌದು ಭಾವ, ಸರಿಯಾಗೇ ಹೇಳಿದಿರಿ ಎಂದರೆ, ಅಬ್ಬ ಎಂದು ಉಸಿರು ಬಿಡುತ್ತಾನೆ. ಎಲ್ಲವನ್ನೂ ಕೇಳುವುದು ಅವನನ್ನೇ. ಹೆಂಡತಿಯನ್ನು ಕೇಳಿದರೆ ಅವಳು ಹೆದರುತ್ತಾಳೆ, ನೀನಾದರೆ ನಿಜ ಹೇಳುತ್ತೀಯ ಎನ್ನುತ್ತಾನೆ. ಆ ಮಾತು ಕೇಳಿದಾಗೆಲ್ಲ ಅವನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿಯುತ್ತಿದ್ದ. ಒಂದು ವಾಕ್ಯದಲ್ಲಿ ಭಾವನ ತಲೆಯನ್ನು ಭಾವನಿಗೆ ಹಿಂದಿರುಗಿಸಬಹುದು. ದಿನ ಕಳೆದ ಹಾಗೆಲ್ಲ ಆ ವಾಕ್ಯ ನಾಲಿಗೆಯ ಮೇಲೆ ಭಾರವಾಗುತ್ತ ಹೋಯಿತು. ಎಂಟು ದಿನಕ್ಕೆ ಹೇಳಿದ್ದರೆ ತಪ್ಪು, ಎಂಟು ತಿಂಗಳಿಗೆ ಹೇಳಿದರೆ ಅದಕ್ಕೆ ಏನೆನ್ನಬೇಕೆಂದು ಅವನಿಗೆ ತೋಚಲಿಲ್ಲ. ಈಗ ಭಾವನೇ ಹಟ ಹಿಡಿದು ಮರೆವಿನ ಡಾಕ್ಟರ ಹತ್ತಿರ ಹೊತ್ತು ಗೊತ್ತುಮಾಡಿಕೊಂಡಿದ್ದ. ಇವತ್ತು, ಮಧ್ಯಾಹ್ನ ಒಂದಕ್ಕೆ. ನೀನೂ ಬರಬೇಕು, ಶುರುವಾದಾಗ ಜೊತೆಗಿದ್ದವನು ನೀನೇ ಎಂದಿದ್ದ. ಅವನು ಕಟ್ಟೆಯಲ್ಲಿ ದೋಣಿಗಳಿಗೆ ಬಣ್ಣ ಬಳಿಯುವವನಿಗೆ ಹನ್ನೊಂದನೆಯ ಅಂಕಣದ ಮೇಲೆ ಒಂದು ಕಣ್ಣಿಡಲು ಹೇಳಿ, ಅರ್ಧ ದಿನ ರಜೆ ಬರೆದುಕೊಟ್ಟು ಹೊರಟ.

ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಅಕ್ಕ ಫೈಲನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡು ಕೂತಿದ್ದಳು. ಭಾವ ಗಡ್ಡ ಹೆರೆದುಕೊಂಡು ಬಂದಿದ್ದ, ಎಡಗೈಯಲ್ಲಿ ಹೆರೆದ ಗುರುತಿಗೆ ಗಲ್ಲದ ಕೆಳಗೆ ಎರಡು ಕಡೆ ಗಾಯ. ಬಲಗೈ ಜೇಬಿನಲ್ಲಿತ್ತು. ಅವನನ್ನು ಕಂಡು, ವಕೀಲರ ದೋಣಿ ಬಂತಂತೆ, ಎಷ್ಟು ಸಡಿಲ ಬಿಟ್ಟೆ ಎಂದು ಕೇಳಿದ. ಅವನು ಹೇಳಿದ. ಭಾವ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ನೀರು ಇಳಿಸಿ ನೋಡಿ, ಸರಿಯಾಗಿದೆ, ಇನ್ನೊಂದು ಗೇಣು ಬಿಟ್ಟಿದ್ದರೂ ಪರವಾಗಿರಲಿಲ್ಲ ಎಂದ. ಎಂದವನೇ ಮುಖ ಸಣ್ಣದು ಮಾಡಿಕೊಂಡು, ನನ್ನ ಮಾತು ಯಾಕೆ ಕೇಳುತ್ತೀಯ ಬಿಡು ಎಂದ. ಅಕ್ಕ ಇಬ್ಬರ ಮುಖವನ್ನೂ ನೋಡಿದಳು. ಅಷ್ಟರಲ್ಲಿ ಒಳಗಿನಿಂದ ಕರೆದರು. ಮೂವರೂ ಹೋದರು.

ಡಾಕ್ಟರಮ್ಮನಿಗೆ ಇನ್ನೂ ಚಿಕ್ಕ ವಯಸ್ಸು. ಮಾತು ಮೆತ್ತಗೆ. ಮೊದಲು ಇದೆಲ್ಲ ಯಾವಾಗ ಶುರುವಾಯಿತೆಂದು ಕೇಳಿದಳು. ಭಾವ ಜೇಬಿನಿಂದ ಕೈ ತೆಗೆದು ಮೇಜಿನ ಮೇಲಿಟ್ಟ. ಇದರಿಂದ ಎಂದ. ತುಂಬಿದ ನೀರಿನಲ್ಲಿ ಹಗ್ಗ ಬಿಗಿದೆ, ನಿನ್ನೆ ಮೊನ್ನೆ ಸೇರಿದ ಕೂಲಿಯೂ ಹಾಗೆ ಮಾಡುವುದಿಲ್ಲ ಎಂದ. ಅವಳು ಬರೆದುಕೊಂಡಳು. ಆಮೇಲೆ ಕೊಡೆ, ಬೆಕ್ಕು, ಬಟ್ಟಲು ಎಂದು ಮೂರು ಪದ ಹೇಳಿ, ಇವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಕೇಳುತ್ತೇನೆ ಎಂದಳು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದಳು. ಗಡಿಯಾರ ಬರೆದು ಮೂರು ಗಂಟೆ ಇಪ್ಪತ್ತು ನಿಮಿಷ ತೋರಿಸಿ ಎಂದಳು. ಭಾವ ಪೆನ್ಸಿಲನ್ನು ಎಡಗೈಯಲ್ಲಿ ಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು, ಉದ್ದನೆಯ ಮೊಟ್ಟೆಯಂಥ ಗಡಿಯಾರ ಬರೆದ. ಒಂದೊಂದಕ್ಕೂ ಅವನ ಕಡೆ ತಿರುಗಿ, ಸರಿ ತಾನೇ ಎನ್ನುತ್ತಿದ್ದ. ಡಾಕ್ಟರಮ್ಮ, ಅವರನ್ನು ಕೇಳಬೇಡಿ, ನೀವೇ ಹೇಳಿ ಎನ್ನುತ್ತಿದ್ದಳು. ಕೊನೆಗೆ ಆ ಮೂರು ಪದ ಯಾವುವು ಎಂದಳು. ಕೊಡೆ, ಎಂದ ಭಾವ. ಬೆಕ್ಕು. ಆಮೇಲೆ ನಿಂತುಬಿಟ್ಟ. ಫ್ಯಾನು ತಿರುಗುತ್ತಿತ್ತು. ಅಕ್ಕ ಫೈಲಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅವನ ಎದೆಯಲ್ಲಿ ಆಗ ಏನೋ ಹಗುರವಾಯಿತು, ಎಂಟು ತಿಂಗಳಲ್ಲಿ ಒಂದು ದಿನವೂ ಆಗದಷ್ಟು ಹಗುರವಾಯಿತು. ಭಾವನಿಗೆ ನಿಜವಾಗಿಯೂ ಮರೆವು ಬಂದಿದೆ. ಹಾಗಾದರೆ ಇವತ್ತಲ್ಲ ನಾಳೆ ಭಾವ ಹೇಗೂ ಯಾವುದಾದರೂ ದೋಣಿ ಕೆಡಿಸುತ್ತಿದ್ದ; ತಾನು ಬಿಗಿದದ್ದು ಅಂಥ ದೊಡ್ಡ ಸಂಗತಿಯೇ ಅಲ್ಲ; ಹೇಳುವ ಅಗತ್ಯವೂ ಇನ್ನಿಲ್ಲ. "ಬಟ್ಟಲು," ಎಂದ ಭಾವ. ಅವನ ಎದೆ ಕುಸಿಯಿತು. ಕುಸಿದ ಮೇಲೆಯೇ ಅವನಿಗೆ ಹೊಳೆದದ್ದು: ಭಾವ ಕುರ್ಚಿಯಲ್ಲಿ ಬೆವರುತ್ತ ಕೂತಿದ್ದಷ್ಟು ಹೊತ್ತೂ ತಾನು ಪಕ್ಕದಲ್ಲಿ ಕೂತು, ತಪ್ಪಲಿ, ತಪ್ಪಲಿ ಎಂದು ಬೇಡಿಕೊಳ್ಳುತ್ತಿದ್ದುದು. ತನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದವನ ತಲೆ ಕೆಟ್ಟಿರಲಿ ಎಂದು ಹರಕೆ ಹೊತ್ತ ಹಾಗೆ. ಹಗ್ಗ ಬಿಗಿದದ್ದು ಕೈ ಮಾಡಿದ ತಪ್ಪು. ಇದು ಕೈ ಮಾಡಿದ್ದಲ್ಲ.

ಡಾಕ್ಟರಮ್ಮ ಅಂಕಿಗಳನ್ನು ಕೂಡಿ, ನಕ್ಕು, ಏನೂ ಇಲ್ಲ ಎಂದಳು. ನಿಮ್ಮ ವಯಸ್ಸಿಗೆ ನನಗೇ ಇಷ್ಟು ನೆನಪಿದ್ದರೆ ಸಾಕು, ತಲೆ ಗಟ್ಟಿಯಾಗಿದೆ, ಹೆದರಿಕೆ ಒಂದು ಬಿಟ್ಟರೆ ಬೇರೆ ಕಾಯಿಲೆ ಇಲ್ಲ ಎಂದಳು. ಅಕ್ಕ ಗಟ್ಟಿಯಾಗಿ ಉಸಿರುಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಭಾವ ಮಾತ್ರ ಸಂತೋಷಪಡಲಿಲ್ಲ. ಕಾಗದದ ಮೇಲಿನ ತನ್ನ ಸೊಟ್ಟ ಗಡಿಯಾರವನ್ನೇ ನೋಡುತ್ತಿದ್ದ. ಮುಖದ ಬಣ್ಣ ನಿಧಾನಕ್ಕೆ ಇಳಿಯಿತು. ಮರೆವಾದರೂ ಒಂದು ಆಸರೆಯಾಗಿತ್ತು, ಅದೂ ಹೋಯಿತು. ತಲೆ ಸರಿಯಿದ್ದೇ ಹಾಗೆ ಕಟ್ಟಿದೆನೆಂದರೆ ಏನರ್ಥ ಎಂದು ಕೇಳಿದ. ಕೆಲಸದಲ್ಲಿ ಒಮ್ಮೊಮ್ಮೆ ಹಾಗಾಗುತ್ತದೆ ಎಂದಳು ಅವಳು. "ಆಗಲ್ಲಮ್ಮ," ಎಂದ ಭಾವ. "ಬೇರೆಯವರಿಗೆ ಆಗಬಹುದು. ತಲೆ ನೆಟ್ಟಗಿದ್ರೆ ನಾನು ಆ ಹಗ್ಗ ಬಿಗಿಯೋದೇ ಇಲ್ಲ. ಹಾಗಾದ್ರೆ ಬಿಗಿದೋರು ಯಾರು?" ಭಾವ ಅದನ್ನು ಕೇಳಿದ್ದು ಡಾಕ್ಟರಮ್ಮನನ್ನು. ನಿಜವಾಗಿಯೂ ಅವಳಿಗೆ ಗೊತ್ತಿರಬಹುದು ಎಂಬಂತೆ ಕೇಳಿದ. ಅವಳು ಪೆನ್ನಿನ ಮುಚ್ಚಳ ಹಾಕಿ ಕೈಗಡಿಯಾರ ನೋಡಿಕೊಂಡಳು. ಹೊರಗೆ ಇನ್ನೂ ಜನ ಕಾಯುತ್ತಿದ್ದರು.

"ನಾನು," ಎಂದ ಅವನು.

ಯಾರೂ ತಿರುಗಲಿಲ್ಲ, ಹೇಳಿದ್ದು ಅಷ್ಟು ಸಣ್ಣ ದನಿಯಲ್ಲಿ. ಎರಡನೆಯ ಸಲ ಹೇಳಬೇಕಾಯಿತು. "ನಾನೇ ಬಿಗಿದದ್ದು ಭಾವ. ಊಟದ ಹೊತ್ತಲ್ಲಿ. ನೀವು ಸರಿಯಾಗೇ ಬಿಟ್ಟಿದ್ರಿ."

ಭಾವ ಅವನನ್ನು ನೋಡಿದ. ಮೊದಲು ಆ ನೋಟದಲ್ಲಿ ಕನಿಕರವಿತ್ತು, ತನ್ನ ಸಮಾಧಾನಕ್ಕೆ ಏನೋ ಹೇಳುತ್ತಿದ್ದಾನೆ ಎಂಬಂತೆ. ಆಮೇಲೆ ಕೆಲಸದವನ ನೋಟ ಬಂತು. ಯಾವ ಹಗ್ಗ ಮೊದಲು ಬಿಗಿದೆ ಎಂದು ಕೇಳಿದ. ಮುಂದಿನದು, ಕಟ್ಟೆ ಕಡೆಯದು ಎಂದ. ಕೊನೆಯ ಸುತ್ತು ಯಾವ ಕೊಂಬಿಗೆ ಮಗುಚಿದೆ ಎಂದು ಕೇಳಿದ. ಅವನು ಹೇಳಿದ. ಭಾವ ಎಡಗೈಯನ್ನು ಗಾಳಿಯಲ್ಲಿ ಸುತ್ತಿ, ಮಗುಚಿ, ಆವತ್ತು ಬಿಡಿಸಲಾರದೆ ಹೋದ ಆ ಗಂಟನ್ನು ಬೆರಳುಗಳಲ್ಲಿ ಮತ್ತೆ ಮುಟ್ಟಿ ನೋಡಿದ. ಅವನು ಹೇಳಿದಂತೆಯೇ ಇತ್ತು. "ಹೌದು," ಎಂದ. "ಆವತ್ತೇ ಕೈಗೆ ಅನ್ನಿಸ್ತು, ಇದು ನನ್ನ ಗಂಟಲ್ಲ ಅಂತ. ಆಮೇಲೆ ತಲೆ ಕೆಟ್ಟಿರಬೇಕು ಅಂದ್ಕೊಂಡೆ." ಬೆನ್ನು ನೆಟ್ಟಗಾಗಿ, ಭಾವ ಕುರ್ಚಿಯಲ್ಲಿ ಇದ್ದಕ್ಕಿದ್ದ ಹಾಗೆ ಒಂದು ಗೇಣು ಎತ್ತರವಾದ. ಹಾಗೆ ಎತ್ತರವಾದ ಭಾವನನ್ನು ಅವನು ಎಂಟು ತಿಂಗಳಿಂದ ನೋಡಿರಲಿಲ್ಲ. ಒಂದು ಕ್ಷಣ ಅವನಿಗೂ ಸಂತೋಷವಾಯಿತು, ಕಣ್ಣು ತುಂಬಿ ಬಂತು.

"ಒಲೆ ಆರಿಸಿದ್ದೆ ಕಣೇ ನಾನು," ಎಂದು ಭಾವ ಅಕ್ಕನ ಕಡೆ ತಿರುಗಿ ಹೇಳಿದ. "ಪ್ರತಿ ಸಲವೂ ಆರಿಸೇ ಇದ್ದೆ."

ಅಕ್ಕ ಹೂಂ ಎಂದಳು. ಅವಳು ನೋಡುತ್ತಿದ್ದದ್ದು ತಮ್ಮನನ್ನು. ಬೈಯುತ್ತಾಳೆ ಎಂದು ಅವನು ಕಾದ. ಚಿಕ್ಕಂದಿನಲ್ಲಿ ಅವಳು ಬೈದರೆ ಕೋಪ ಹೊತ್ತುಮುಳುಗುವುದರೊಳಗೆ ಇಳಿಯುತ್ತಿತ್ತು. ಒಂದು ಏಟು ಹಾಕಿದರೆ ಇನ್ನೂ ಬೇಗ. ಅವಳು ಬೈಯಲಿಲ್ಲ. ಫೈಲಿನ ಕಾಗದಗಳನ್ನು ಒಂದೊಂದಾಗಿ ಜೋಡಿಸಿ, ದಾರ ಕಟ್ಟಿ ಎದ್ದಳು. "ಸ್ವಲ್ಪ ದಿನ ಮನೆ ಕಡೆ ಬರಬೇಡ," ಎಂದಳು. ನಾಳೆ ಹಾಲಿನವನಿಗೆ ಬರಬೇಡ ಎಂದು ಹೇಳುವ ದನಿಯಲ್ಲೇ ಹೇಳಿದಳು.

ಮೂವರೂ ಮೆಟ್ಟಿಲಿಗೆ ಬಂದರು. ಈ ಎಂಟು ತಿಂಗಳಲ್ಲಿ ಎಷ್ಟೋ ಸಲ ಅವನೇ ಭಾವನಿಗೆ ತೋಳು ಕೊಟ್ಟು ಹತ್ತಿಸಿ ಇಳಿಸಿದ್ದ, ಬೇರೆ ಬೇರೆ ಆಸ್ಪತ್ರೆಗಳ ಮೆಟ್ಟಿಲುಗಳನ್ನು. ರೂಢಿಯಂತೆ ತೋಳು ಮುಂದೆ ಚಾಚಿದ. ಭಾವ ಎರಡೇ ಬೆರಳಿನ ಆ ಕೈಯಿಂದ ಕಂಬಿ ಹಿಡಿದು ಎರಡು ಮೆಟ್ಟಿಲು ಇಳಿದ. ಅಲ್ಲಿ ನಿಂತು, ಹಿಂದಿರುಗಿ ನೋಡದೆ ಮಾತಾಡಿದ. "ಬೆರಳಿಗೆ ನಾನೇನೂ ಅನ್ನಲ್ಲ. ಕೆಲಸದಲ್ಲಿ ಹೋಗ್ತವೆ. ನಾನು ನಿನ್ನನ್ನ ಕೇಳಿದೆ ಕಣೋ. ಆಸ್ಪತ್ರೇಲಿ ಕೇಳಿದೆ, ಮನೇಲಿ ಕೇಳಿದೆ. ನಿನ್ನ ಬಿಟ್ಟು ಇನ್ಯಾರನ್ನೂ ಕೇಳಲಿಲ್ಲ." ಭಾವ ಎಡಗೈಯಿಂದ ಅಂಗಿಯ ಜೇಬು ತಡಕಿ, ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ ತೆಗೆದು, ಕಂಬಿಯ ಮೇಲಿಂದ ಅವನ ಕಡೆಗೆ ಚಾಚಿದ. ಇದು ಇನ್ನು ತನಗೆ ಬೇಡ ಎಂದ. ಅಕ್ಕ ಗಂಡನ ಆಚೆ ಮಗ್ಗುಲಿಗೆ ಹೋಗಿ ನಿಂತಳು. ಇಬ್ಬರೂ ಇಳಿದು ಹೋದರು. ತಿರುವಿನಲ್ಲಿ ಭಾವನ ದನಿ ಕೇಳಿತು, ಎರಡನೇ ನಂಬರಿನ ಬಸ್ಸು ಎರಡೂಕಾಲಿಗೆ ಎಂದು ಹೇಳುತ್ತಿದ್ದ. ಹೌದಾ ಎಂದು ಯಾರನ್ನೂ ಕೇಳಲಿಲ್ಲ.

ಚೀಟಿಯ ಮಡಿಕೆಗಳು ಬೆವರಿಗೆ ಮೆತ್ತಗಾಗಿದ್ದವು, ಬಹಳ ದಿನದಿಂದ ಜೇಬಿನಲ್ಲಿದ್ದದ್ದು. ಬಿಡಿಸಿದ. ಎಡಗೈಯ ದೊಡ್ಡ ದೊಡ್ಡ ಅಕ್ಷರ, ಒಂದೊಂದು ಸಾಲೂ ಕೆಳಗೆ ಜಾರಿತ್ತು. ಪೂರ್ತಿ ಮರೆತುಹೋದ ದಿನ ತಾನೇ ಓದಿಕೊಳ್ಳಲೆಂದು ಭಾವ ತನಗೆ ತಾನೇ ಬರೆದುಕೊಂಡಿದ್ದ. ಮೊದಲು ಮನೆಯ ವಿಳಾಸ. ಅದರ ಕೆಳಗೆ, ಮನೆಯಲ್ಲಿರುವವಳು ನಿನ್ನ ಹೆಂಡತಿ, ಅವಳನ್ನು ಗದರಬೇಡ. ಅದರ ಕೆಳಗೆ ಅವನ ಫೋನ್ ನಂಬರು, ಅದರಡಿ ಎರಡು ಗೆರೆ. ಇವನು ಹೆಂಡತಿಯ ತಮ್ಮ. ಏನು ಅನುಮಾನ ಬಂದರೂ ಇವನನ್ನು ಕೇಳು, ಇವನು ಹೇಳಿದ್ದು ನಂಬು.

ಮೇಲಿನಿಂದ ಒಬ್ಬ ಮುದುಕಿಯನ್ನು ಕುರ್ಚಿ ಸಮೇತ ಎತ್ತಿಕೊಂಡು ಇಳಿಸುತ್ತಿದ್ದರು. ದಾರಿ ಬಿಡಪ್ಪ ಎಂದು ಯಾರೋ ಅಂದರು. ಅವನು ಗೋಡೆಗೆ ಸರಿದು ನಿಂತ.